ಭುಜದ ಕೀಲು ಸುಲಭವಾಗಿ ಜಾರುತ್ತದೆ, ಸೊಂಟದ್ದು ಯಾಕೆ ಜಾರುವುದಿಲ್ಲ?

ಭುಜದ ಗುಂಡಿ ಆಳ ಇಲ್ಲ, ಅದಕ್ಕೇ. ಎರಡೂ ಒಂದೇ ಜಾತಿಯ ಕೀಲು: ಒಂದು ಮೂಳೆಯ ತುದಿ ಚೆಂಡಿನ ಹಾಗೆ, ಇನ್ನೊಂದರಲ್ಲಿ ಅದು ಕೂರುವ ಗುಂಡಿ. ಸೊಂಟದಲ್ಲಿ ಆ ಗುಂಡಿ ಬಟ್ಟಲಿನಷ್ಟು ಆಳ, ತೊಡೆಮೂಳೆಯ ತಲೆಯನ್ನು ಒಳಗೆ ಗಟ್ಟಿಯಾಗಿ ಹಿಡಿದಿರುತ್ತದೆ. ಭುಜದ್ದು ಹೆಚ್ಚೂಕಮ್ಮಿ ತಟ್ಟೆ. ತೋಳುಮೂಳೆಯ ದೊಡ್ಡ ತಲೆಯಲ್ಲಿ ಒಂದು ಸಲಕ್ಕೆ ಮೂರನೇ ಒಂದು ಭಾಗವೂ ಅದಕ್ಕೆ ತಾಗಿರುವುದು ಕಷ್ಟ. ಉಳಿದ ಹಿಡಿತವೆಲ್ಲ ಸುತ್ತಲಿನ ಸ್ನಾಯುಗಳದ್ದು, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜುಗಳದ್ದು. ಹಾಗಾಗಿ ತೋಳನ್ನು ಪಕ್ಕಕ್ಕೆತ್ತಿ ಹಿಂದಕ್ಕೆ ತಿರುಗಿಸಿದಾಗ (ಚೆಂಡು ಎಸೆಯಲು ಹೊರಟ ಭಂಗಿ ಅಂದುಕೊಳ್ಳಿ) ಜೋರಾಗಿ ಹೊಡೆತ ಬಿದ್ದರೆ, ಆ ತಲೆ ಮುಂದಕ್ಕೆ ಜಾರಿಬಿಡಬಹುದು. ಹಾಗಂತ ಸುಮ್ನೆ ಬೈಯಬೇಡಿ. ಅದೇ ತಟ್ಟೆಯಿಂದಾಗಿ ಕೈಯನ್ನು ಚಕ್ರದಂತೆ ಸುತ್ತಿಸಬಹುದು, ಬೆನ್ನನ್ನೂ ತುರಿಸಿಕೊಳ್ಳಬಹುದು. ಕಾಲಿನಲ್ಲಿ ಅಷ್ಟು ಸುಲಭವಲ್ಲ ಅಲ್ವಾ?