ಸಂಪಾದಕರ ಉತ್ತರ: ಅಟ್ಟದ ಮೇಲಿನ ನಾಲ್ಕು ಡಬ್ಬಿ

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಎರಡು ಸಾಲಿನಲ್ಲಿ ಉತ್ತರ ಬರೆದು ಕಳಿಸುವ ಪತ್ರ ಅದಾಗಿರಲಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ನೀವು ಬರೆದಿದ್ದನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ.

ನೀವು ಹೊಸನಗರದ ಕಡೆಯವರು, ನಿವೃತ್ತ ಶಿಕ್ಷಕಿ. ಮೊಮ್ಮಗ ಮೊಬೈಲಿನಲ್ಲಿ ಒಂದು ಹಳೇ ಫಿಲ್ಮು ತೋರಿಸಿದ. 1900ರ ಸುಮಾರಿನ ಇಂಗ್ಲೆಂಡಿನ ಬಟ್ಟೆ ಗಿರಣಿ. ಕೆಲಸ ಮುಗಿಸಿ ಜನ ಗೇಟಿನಿಂದ ಹೊರಗೆ ಬರುತ್ತಾರೆ, ಅಷ್ಟೇ. ಅವರಲ್ಲಿ ಒಬ್ಬ ಹುಡುಗ ಕ್ಯಾಮೆರಾ ಮುಂದೆ ನಿಂತು, ಟೋಪಿ ತೆಗೆದು ನಗುತ್ತಾನೆ. ನಿಮಗೆ ಕಣ್ಣಲ್ಲಿ ನೀರು ಬಂತು. ಮಗ "ಯಾರೋ ಏನೋ, ಅವರಿಗ್ಯಾಕಮ್ಮ ಅಳ್ತೀಯ" ಅಂದರು. "ನಾನು ಅತ್ತಿದ್ದರಲ್ಲಿ ಅರ್ಥ ಇದೆಯಾ?" ಎಂದು ಕೇಳಿದ್ದೀರಿ. ಅದೇ ಫಿಲ್ಮಿಗೆ ಯಾರೋ ಬಣ್ಣ ಹಾಕಿದ್ದನ್ನೂ ಮೊಮ್ಮಗ ತೋರಿಸಿದನಂತೆ. ಅದನ್ನು ನಂಬಬೇಕಾ ಅನ್ನೋದು ಎರಡನೇ ಪ್ರಶ್ನೆ.

ಆಮೇಲೆ ಪತ್ರದ ಕೊನೆಗೆ, ಸುಮ್ನೆ ಸೇರಿಸಿದ ಹಾಗೆ, ಇನ್ನೊಂದು ಮಾತು. ಅಟ್ಟದ ಮೇಲೆ ತಂದೆಯವರು ತೆಗೆದ 8 ಎಂ.ಎಂ. ಫಿಲ್ಮಿನ ನಾಲ್ಕು ಡಬ್ಬಿ ಇವೆ. ಒಂದರ ಮೇಲೆ "ಕಾರ್ಗಲ್ 1962" ಅಂತ ಪೆನ್ಸಿಲಿನಲ್ಲಿ ಬರೆದಿದೆ. ಮುಚ್ಚಳ ತೆಗೆದರೆ ಹುಳಿ ವಾಸನೆ. "ಹಾಳಾಗಿರಬೇಕು, ಗುಜರಿಯವನಿಗೆ ಹಾಕೋಣ ಅಂತಿದ್ದೇನೆ."

ನನ್ನ ನಿದ್ದೆ ಕೆಡಿಸಿದ್ದು ಆ ಕೊನೇ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಹುಡುಗನ ವಿಷಯ.

ನೀವು ಕಳಿಸಿದ ವಿಡಿಯೋ ನಾನೂ ನೋಡಿದೆ, ನಾಲ್ಕೈದು ಸಲ. ಅದನ್ನು ತೆಗೆದದ್ದು ಬ್ಲ್ಯಾಕ್‌ಬರ್ನ್ ಎಂಬ ಊರಿನ ಮಿಚೆಲ್ ಮತ್ತು ಕೆನ್ಯನ್ ಅನ್ನುವ ಇಬ್ಬರ ಕಂಪನಿ. ಗಿರಣಿ ಬಿಡುವ ಹೊತ್ತಿಗೆ ಹೋಗಿ ಗೇಟಿನ ಎದುರು ಕ್ಯಾಮೆರಾ ಇಡುತ್ತಿದ್ದರು. ಜಾತ್ರೆಯಲ್ಲೋ ಟೌನ್‌ಹಾಲಿನಲ್ಲೋ ಆ ಫಿಲ್ಮನ್ನು ತೋರಿಸುತ್ತಿದ್ದರು. ನಿಮ್ಮನ್ನು ನೀವೇ ನೋಡಿಕೊಳ್ಳಿ ಬನ್ನಿ ಅಂತ ಕರೆದು ಕಾಸು ಮಾಡೋದು ಅವರ ಲೆಕ್ಕಾಚಾರ. ಜಾಸ್ತಿ ಮುಖ ಬಿದ್ದಷ್ಟೂ ಜಾಸ್ತಿ ಟಿಕೆಟ್. ಹುಡುಗರು ಅಷ್ಟೊಂದು ಕ್ಯಾಮೆರಾ ಕಡೆ ನುಗ್ಗುವುದು ಅದಕ್ಕೇ. ಆಮೇಲೆ ಆ ಫಿಲ್ಮುಗಳನ್ನು ಎಲ್ಲರೂ ಮರೆತರು. 1994ರಲ್ಲಿ ಅದೇ ಊರಿನ ಒಂದು ಅಂಗಡಿಯ ನೆಲಮಾಳಿಗೆ ಖಾಲಿ ಮಾಡುವಾಗ ಮೂರು ಲೋಹದ ಡ್ರಮ್ಮುಗಳು ಸಿಕ್ಕವು. ಒಳಗೆ ಸುಮಾರು 800 ಸುರುಳಿ. ಎಲ್ಲ ಮೂಲ ನೆಗೆಟಿವ್. ಮುಖಗಳು ಅಷ್ಟು ಸ್ಪಷ್ಟವಾಗಿ ಕಾಣುವುದು ಅದರಿಂದ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಅವನ್ನು ಒಂದೊಂದಾಗಿ ಶುಚಿ ಮಾಡಿ ಉಳಿಸಿದರು.

ಅವರಿಗೂ ನಿಮಗೂ ಸಂಬಂಧ ಇಲ್ಲ ಅಂತ ನಿಮ್ಮ ಮಗ ಅಂದರಲ್ಲ, ಅದೂ ಪೂರ್ತಿ ನಿಜ ಅಲ್ಲ. ಬ್ಲ್ಯಾಕ್‌ಬರ್ನ್ ಬದುಕಿದ್ದೇ ನಮ್ಮ ದೇಶಕ್ಕೆ ಬಟ್ಟೆ ಮಾರಿ. ಶಾಲು ಹೊದ್ದು, ಮರದ ಅಟ್ಟೆಯ ಬೂಟು ಹಾಕಿಕೊಂಡು ಗೇಟಿನಿಂದ ಬರುವ ಆ ಹೆಂಗಸರು ನೇಯ್ದ ಪಂಚೆಯನ್ನು ನಮ್ಮ ಮುತ್ತಜ್ಜಂದಿರಲ್ಲಿ ಯಾರಾದರೂ ಉಟ್ಟಿರಬಹುದು. ಅದೇ ಬಟ್ಟೆಯನ್ನು ಬೀದಿಯಲ್ಲಿ ಸುಟ್ಟವರೂ ನಮ್ಮವರೇ. ಗಾಂಧೀಜಿ 1931ರಲ್ಲಿ ಲಂಡನ್ನಿಗೆ ಹೋದಾಗ ಬ್ಲ್ಯಾಕ್‌ಬರ್ನ್ ಪಕ್ಕದ ಡಾರ್ವೆನ್‌ಗೆ ಹೋಗಿ, ಕೆಲಸ ಕಳೆದುಕೊಂಡ ಗಿರಣಿಯವರನ್ನು ಮಾತಾಡಿಸಿದ್ದರು. ಆ ಹುಡುಗ ಬದುಕಿದ್ದರೆ ಆಗ ನಲವತ್ತರ ಆಸುಪಾಸು.

ಆದರೂ ನಿಮಗೆ ಅಳು ಬಂದದ್ದು ಈ ಇತಿಹಾಸ ಗೊತ್ತಿದ್ದು ಅಲ್ಲ. ಕಾರಣ ಇನ್ನೂ ಸರಳ ಅಂತ ನನ್ನ ನಂಬಿಕೆ: ಆ ಹುಡುಗನ ನಡಿಗೆ.

ನಾವು ಚಿಕ್ಕವರಿದ್ದಾಗ ಹಳೇ ಫಿಲ್ಮು ಅಂದರೆ ನಗು ಬರುತ್ತಿತ್ತು, ಅಲ್ವಾ? ಜನ ಬೊಂಬೆಗಳ ಹಾಗೆ ಪಟಪಟ ಅಂತ ಓಡುತ್ತಿದ್ದರು. ಗಾಂಧೀಜಿ ದಂಡಿಗೆ ಹೊರಟ ಚಿತ್ರ ಟಿ.ವಿ.ಯಲ್ಲಿ ಬಂದಾಗ ಅವರೂ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಅವರು ಬಿರುಸಾಗಿ ನಡೆಯುವವರೇ, ಆದರೆ ಅಷ್ಟಲ್ಲ. ಮೊದಮೊದಲ ಕ್ಯಾಮೆರಾಗಳನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಎರಡು ಸುತ್ತು, ಸುಮಾರು 16 ಚಿತ್ರ. ಮಾತಿನ ಸಿನಿಮಾ ಬಂದ ಮೇಲೆ ಸೆಕೆಂಡಿಗೆ 24 ಚಿತ್ರ ಅಂತ ನಿಗದಿಯಾಯಿತು. ಹಳೇ ಫಿಲ್ಮನ್ನು ಹೊಸ ಯಂತ್ರದಲ್ಲಿ ಓಡಿಸಿದರೆ ಒಂದು ನಿಮಿಷದ ಬದುಕು 40 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅವರ ದುಃಖ, ಸುಸ್ತು, ನಾಚಿಕೆ ಎಲ್ಲವೂ ನಮಗೆ ತಮಾಷೆಯಾಗಿ ಕಂಡದ್ದು ಈ ಲೆಕ್ಕ ತಪ್ಪಿದ್ದರಿಂದ.

ಫಿಲ್ಮನ್ನು ಸರಿಪಡಿಸುವವರು ಧೂಳು ತೆಗೆಯುತ್ತಾರೆ, ಹರಿದ ಅಂಚಿನ ತೂತುಗಳನ್ನು ಜೋಡಿಸುತ್ತಾರೆ, ಒಂದೊಂದೇ ಚಿತ್ರವನ್ನು ಸ್ಕ್ಯಾನ್ ಮಾಡುತ್ತಾರೆ. ಎಲ್ಲ ದೊಡ್ಡ ಕೆಲಸವೇ. ಆದರೆ ಅವರು ಮಾಡುವ ಅತಿ ದೊಡ್ಡ ಉಪಕಾರ ವೇಗವನ್ನು ಸರಿಮಾಡುವುದು ಅಂತ ನಾನು ಹೇಳುತ್ತೇನೆ. ಆ ಹುಡುಗ ಟೋಪಿ ತೆಗೆಯುವ ಮೊದಲು ಒಂದು ಗಳಿಗೆ ಅನುಮಾನಿಸುತ್ತಾನೆ, ನೋಡಿದಿರಾ? ಪಕ್ಕದವನ ಕಡೆ ಕಣ್ಣು ಹೊರಳಿಸಿ, ಆಮೇಲೆ ಕೈ ಎತ್ತುತ್ತಾನೆ. ವೇಗ ತಪ್ಪಿದ್ದರೆ ಆ ಅನುಮಾನ ಕಾಣುತ್ತಲೇ ಇರಲಿಲ್ಲ. ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಕೊನೇ ಬೆಂಚಿನ ಹುಡುಗ ಕೈ ಎತ್ತಲೋ ಬೇಡವೋ ಅಂತ ನೋಡುವ ಆ ನೋಟ ನಿಮಗೆ ಗುರುತಾಯಿತು. ಅಳು ಬಂದದ್ದರಲ್ಲಿ ಆಶ್ಚರ್ಯ ಏನಿದೆ?

ಹಳೇ ಯಂತ್ರಗಳ ಮೇಲೂ ನಿಮಗೆ ಆಸೆ ಅಂತ ಬರೆದಿದ್ದೀರಿ. ನನಗೂ ಅದೇ ಹುಚ್ಚು. ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲಿ ಮಾಡಿದ ಯಂತ್ರ ಕ್ಯಾಮೆರಾವೂ ಹೌದು, ಪ್ರತಿ ತೆಗೆಯುವ ಯಂತ್ರವೂ ಹೌದು, ಹಿಂದೆ ದೀಪ ಇಟ್ಟರೆ ಪ್ರೊಜೆಕ್ಟರೂ ಹೌದು. ಫಿಲ್ಮು ಒಂದು ಕ್ಷಣ ನಿಲ್ಲಬೇಕು, ಆಮೇಲೆ ಮುಂದೆ ಸರಿಯಬೇಕು, ಮತ್ತೆ ನಿಲ್ಲಬೇಕು. ಇದನ್ನು ಹೇಗೆ ಮಾಡೋದು ಅಂತ ಯೋಚಿಸುತ್ತಿದ್ದ ಲೂಯಿ ಲೂಮಿಯೇರ್‌ಗೆ ದಾರಿ ತೋರಿಸಿದ್ದು ಹೊಲಿಗೆ ಮಿಷನ್ನು. ನಂಬಿಕೆ ಬರದಿದ್ದರೆ ಮನೆಯ ಹೊಲಿಗೆ ಮಿಷನ್ನನ್ನು ನಿಧಾನಕ್ಕೆ ಕೈಯಲ್ಲಿ ತಿರುಗಿಸಿ ನೋಡಿ. ಸೂಜಿ ಕೆಳಗಿದ್ದಾಗ ಬಟ್ಟೆ ಕದಲುವುದಿಲ್ಲ. ಸೂಜಿ ಮೇಲೆದ್ದ ಕೂಡಲೇ ತಳದ ಹಲ್ಲು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದಕ್ಕೆ ತಳ್ಳುತ್ತದೆ. ಸಿನಿಮಾ ಅಂದರೆ ಇಷ್ಟೇ: ಸೂಜಿಯ ಜಾಗದಲ್ಲಿ ಬೆಳಕು. ನಾನು ಈ ಮಾತನ್ನು ಇಲ್ಲಿ ಗಾಂಧಿ ಬಜಾರಿನಲ್ಲಿ ನಮ್ಮ ಬಟ್ಟೆ ಹೊಲಿಯುವವರಿಗೆ ಹೇಳಿದೆ. ಅವರು ಕಾಲು ತೆಗೆದು, ಚಕ್ರವನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, "ಹೌದಲ್ವಾ ಸಾರ್" ಅಂದರು. ನಲವತ್ತು ವರ್ಷದಿಂದ ಅದರ ಮುಂದೆ ಕೂತವರು. ಮುಖ ಅರಳಿತು. ಹಳೇ ಯಂತ್ರದ ಸುಖ ನನಗೆ ಅಲ್ಲಿ ಕಂಡಿತು. ಕಣ್ಣಿಟ್ಟು ನೋಡಿದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗಾದರೂ ತಿಳಿಯುತ್ತದೆ.

ನನ್ನ ಹುಚ್ಚು ಶುರುವಾದದ್ದು ಟೂರಿಂಗ್ ಟಾಕೀಸಿನಿಂದ. ಆನಂದಪುರದ ಹತ್ತಿರ ನಮ್ಮೂರಿಗೆ ದೀಪಾವಳಿ ಕಳೆದ ಮೇಲೆ ಟೆಂಟು ಬರುತ್ತಿತ್ತು. ಮಳೆ ಹಿಡಿಯುವ ಮುಂಚೆ ಗಂಟುಮೂಟೆ ಕಟ್ಟುತ್ತಿದ್ದರು. ಫಿಲ್ಮು ತುಂಡಾದರೆ ಆಪರೇಟರ್ ಹಾಳಾದ ಚೂರು ಕತ್ತರಿಸಿ, ಅಂಟು ಹಾಕಿ ಮತ್ತೆ ಓಡಿಸುತ್ತಿದ್ದರು. ಬೆಳಗ್ಗೆ ಟೆಂಟಿನ ಹಿಂದೆ ಆ ಚೂರುಗಳನ್ನು ಆರಿಸುವುದು ನಮ್ಮ ಕೆಲಸ. ಸುಟ್ಟ ಬಲ್ಬಿನ ತಲೆ ಬಿಡಿಸಿ ಒಳಗೆ ನೀರು ತುಂಬುವುದು. ಅಡಿಕೆ ಮೂಟೆ ಇಡುವ ಕತ್ತಲೆ ಕೋಣೆಯಲ್ಲಿ ಅಜ್ಜನ ಪಂಚೆ ಕಟ್ಟುವುದು. ಹೊರಗೆ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯ ಸಂದಿಯಿಂದ ಒಳಗೆ ಬಿಡಬೇಕು. ಚೂರನ್ನು ತಲೆಕೆಳಗಾಗಿ ಹಿಡಿದರೆ ಪಂಚೆಯ ಮೇಲೆ ಚಿತ್ರ ನೆಟ್ಟಗೆ ನಿಲ್ಲುತ್ತಿತ್ತು. ಒಂದು ಚೂರು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಧ ಬಾಗಿಲು, ಚಿಲಕದ ಮೇಲೆ ಬಳೆ ತೊಟ್ಟ ಕೈ. ಅಷ್ಟೇ. ಆ ಕೈ ಬಾಗಿಲು ತೆಗೆಯುತ್ತಿತ್ತೋ ಹಾಕುತ್ತಿತ್ತೋ ಅಂತ ನಾವು ಒಂದು ಬೇಸಿಗೆ ಪೂರ್ತಿ ಜಗಳ ಆಡಿದ್ದೆವು.

ಇನ್ನು ಬಣ್ಣದ ವಿಷಯ. ಆ ಬಣ್ಣ ಕಂಪ್ಯೂಟರಿನ ಊಹೆ. ಬೂದು ಬಣ್ಣದಿಂದ ಮೂಲ ಬಣ್ಣ ತಿಳಿಯುವುದು ಸಾಧ್ಯವೇ ಇಲ್ಲ. ಅದರಲ್ಲೂ ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ವಸ್ತು ಕಪ್ಪಾಗಿ ಬೀಳುತ್ತಿತ್ತು, ನೀಲಿ ಆಕಾಶ ಬರೀ ಬಿಳಿ. ನಮ್ಮ ಮುತ್ತಜ್ಜಿಯನ್ನು ಆ ಫಿಲ್ಮಿನಲ್ಲಿ ತೆಗೆದಿದ್ದರೆ ಹಣೆಯ ಕುಂಕುಮ ಇದ್ದಿಲಿನ ಬೊಟ್ಟಾಗಿ ಕಾಣುತ್ತಿತ್ತು. ಕಂಪ್ಯೂಟರಿಗೆ ಕುಂಕುಮ ಏನು ಗೊತ್ತು? ಅದು ಕಪ್ಪು ಬೊಟ್ಟನ್ನು ಕಪ್ಪಾಗಿಯೇ ಬಿಡುತ್ತದೆ. ಚಲನೆ ನುಣುಪಾಗಿ ಕಾಣಲಿ ಅಂತ ಸೆಕೆಂಡಿಗೆ 60 ಚಿತ್ರ ಮಾಡಿದ್ದಾರಲ್ಲ, ಅದರಲ್ಲೂ ಕ್ಯಾಮೆರಾ ಕಂಡದ್ದು 16 ಮಾತ್ರ. ಉಳಿದದ್ದು ನಡುನಡುವೆ ತುಂಬಿಸಿದ್ದು. ಮೊಮ್ಮಗನಿಗೆ ಬೈಯಬೇಡಿ. ಬಣ್ಣ ನೋಡಿ ಆಸೆ ಹುಟ್ಟಿ ಅವನು ಮೂಲದ ಕಡೆ ಬಂದರೆ ನನಗೆ ಸಂತೋಷವೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಬೆಳಕು ಬರೆದದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ ಅವನಿಗೆ ತೋರಿಸಿ.

ಈಗ ನಿಮ್ಮ ಅಟ್ಟಕ್ಕೆ ಬರುತ್ತೇನೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಫಿಲ್ಮು ಇದೆ. ಕೇಬಲ್ ಕಾರಿನ ಮುಂಭಾಗದಲ್ಲಿ ಕ್ಯಾಮೆರಾ ಇಟ್ಟು ಮಾರ್ಕೆಟ್ ಸ್ಟ್ರೀಟಿನ ಉದ್ದಕ್ಕೂ ತೆಗೆದದ್ದು. ಕುದುರೆಗಾಡಿ, ಮೋಟಾರು, ಅಡ್ಡ ಓಡುವ ಹುಡುಗರು. ತೆಗೆದದ್ದು 1906ರ ಏಪ್ರಿಲ್‌ನಲ್ಲಿ. ಕೆಲವೇ ದಿನ ಕಳೆದು, ಏಪ್ರಿಲ್ 18ರಂದು ಭೂಕಂಪವಾಗಿ, ಬೆಂಕಿ ಬಿದ್ದು ಆ ಬೀದಿಯ ಬಹುಪಾಲು ಹೋಯಿತು. ಮೊನ್ನೆ ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅದೇ. ಶರಾವತಿಗೆ ಅಡ್ಡಲಾಗಿ ಕಟ್ಟಿದ, ಎಷ್ಟೋ ಊರು ಮುಳುಗಿಸಿದ ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ನಿಮ್ಮ ಡಬ್ಬಿಯ ಮೇಲೆ ಇರುವುದು 1962. ಶರಾವತಿ ಪ್ರಾಜೆಕ್ಟಿನಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮ ತಂದೆ ಭಾನುವಾರ ಕ್ಯಾಮೆರಾ ಹಿಡಿದು ಎಲ್ಲಿಗೆ ಹೋಗಿದ್ದರು? ಮುಳುಗಡೆಯಾದ ಊರುಗಳ ಫೋಟೋ ಕೂಡ ಎಷ್ಟೋ ಮನೆಯಲ್ಲಿ ಇಲ್ಲ. ಅಲ್ಲಿಂದ ಎದ್ದು ಬಂದವರ ಮಕ್ಕಳು ಈಗ ಶಿವಮೊಗ್ಗದ ಸುತ್ತಮುತ್ತ ಇದ್ದಾರೆ. ಅಪ್ಪ ನಡೆದಾಡಿದ ಗದ್ದೆ ಬದು ಹೇಗಿತ್ತು ಅಂತ ಅವರಿಗೆ ಬಾಯಿಮಾತಿನಲ್ಲಿ ಮಾತ್ರ ಗೊತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾದಾಗ ಅದುವರೆಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ವಿಡಿಯೋವನ್ನು ಎಲ್ಲರೂ ಮಾಡಿಟ್ಟುಕೊಂಡರು. 1962ರಲ್ಲಿ ಹಾಗೆ ಮಾಡಲು ಯಾರ ಹತ್ತಿರ ಏನಿತ್ತು? ನಿಮ್ಮ ತಂದೆಯವರ ಹತ್ತಿರ ಇತ್ತು.

ಕನ್ನಡದ ಮೊದಲ ಮಾತಿನ ಚಿತ್ರ "ಸತಿ ಸುಲೋಚನ" 1934ರಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಸಾವಿರಾರು ಜನ ದುಡ್ಡು ಕೊಟ್ಟು ನೋಡಿದ ಸಿನಿಮಾದ ಗತಿಯೇ ಹೀಗೆ. ಹಳೇ ಫಿಲ್ಮುಗಳನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ಹಾಗಿರುವಾಗ ಒಂದು ಮನೆಯ ಅಟ್ಟದ ಡಬ್ಬಿ ಅರವತ್ತು ಮಳೆಗಾಲ ದಾಟಿ ಉಳಿದಿದೆ. ದಯವಿಟ್ಟು ಗುಜರಿಗೆ ಹಾಕಬೇಡಿ.

ಹುಳಿ ವಾಸನೆಗೆ ಹೆದರಬೇಡಿ. 8 ಎಂ.ಎಂ. ಫಿಲ್ಮು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ಹಳೇ ಸಿನಿಮಾ ಫಿಲ್ಮಿನ ಹಾಗೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಆದರೆ ಶೆಕೆ, ತೇವ ಜಾಸ್ತಿಯಾದರೆ ಅದು ನಿಧಾನಕ್ಕೆ ಒಡೆದು ವಿನೆಗರಿನ ಆಮ್ಲ ಬಿಡುತ್ತದೆ. ಆ ಆಮ್ಲ ಡಬ್ಬಿಯೊಳಗೇ ಉಳಿದರೆ ಇನ್ನೂ ಬೇಗ ಹಾಳು. ಹಾಗಾಗಿ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ. ಅಲ್ಲಿ ಬೇಸಿಗೆಯಲ್ಲಿ ಹೆಂಚಿನ ಕಾವು, ಮಳೆಯಲ್ಲಿ ಬೂಷ್ಟು. ವಾಸನೆ ಇರುವ ರೀಲನ್ನು ಬೇರೆಯವುಗಳ ಜೊತೆ ಇಡಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮನೆಯಲ್ಲಿ ಎಲ್ಲಿ ತಂಪಾಗಿ ಒಣಗಿರುತ್ತದೋ ಅಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟುವುದು, ನೀರಿನಲ್ಲಿ ಒರೆಸುವುದು, ಬಿಸಿಲಿಗೆ ಹಾಕುವುದು, ಮೂರೂ ಬೇಡ. ಮುಖ್ಯವಾಗಿ, ನಿಮ್ಮ ಮನೆಯ ಹಳೇ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡುವ ಆಸೆ ತಡೆದುಕೊಳ್ಳಿ. ಹಳೇ ಫಿಲ್ಮು ಕುಗ್ಗಿರುತ್ತದೆ. ಯಂತ್ರದ ಹಲ್ಲು ಸಿಕ್ಕಿ ತೂತುಗಳು ಹರಿದುಹೋಗುತ್ತವೆ. ಹಲ್ಲಿಲ್ಲದ ಸ್ಕ್ಯಾನರಿನಲ್ಲಿ ಒಂದೊಂದೇ ಚಿತ್ರ ತೆಗೆಯುವವರು ಇದ್ದಾರೆ. ಹಳೇ ಫಿಲ್ಮು ಉಳಿಸುವ ಕೆಲಸವನ್ನೇ ಮಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂಬೈಯಲ್ಲಿದೆ. ಅವರಿಗೆ ಪತ್ರ ಬರೆಯಲು ನಾನು ಜೊತೆಗಿರುತ್ತೇನೆ.

50 ಅಡಿಯ ಒಂದು ರೀಲು ಅಂದರೆ ನಾಲ್ಕು ನಿಮಿಷದ ಚಿತ್ರ. ನಾಲ್ಕು ಡಬ್ಬಿ ಸೇರಿ ಕಾಲು ಗಂಟೆ. ಕೊಡಾಕ್ರೋಮ್ ಅನ್ನುವ ಬಣ್ಣದ ಫಿಲ್ಮು ಆಗಿದ್ದರೆ ಬಣ್ಣ ಇನ್ನೂ ಉಳಿದಿರಬಹುದು. ಅದು ಊಹೆಯ ಬಣ್ಣ ಅಲ್ಲ, ಆವತ್ತಿನ ಬಿಸಿಲೇ ಬಿಟ್ಟುಹೋದದ್ದು.

ಇನ್ನೊಂದು ಕೆಲಸ, ಇದು ನಿಮ್ಮಿಂದ ಮಾತ್ರ ಆಗುವಂಥದ್ದು. ಬ್ಲ್ಯಾಕ್‌ಬರ್ನಿನ ಆ ಹುಡುಗನ ಹೆಸರು ಆ ಫಿಲ್ಮಿನ ಮೇಲೆಲ್ಲೂ ಇಲ್ಲ. ನಿಮ್ಮ ರೀಲಿಗೆ ಹಾಗಾಗಬಾರದು. 1962ರಲ್ಲಿ ನಿಮಗೆ ಏಳು ವರ್ಷ ಅಂತ ಬರೆದಿದ್ದೀರಿ. ಕಾರ್ಗಲ್ಲಿನ ಮನೆಗಳ ಸಾಲಿನಲ್ಲಿ ಯಾರ್ಯಾರಿದ್ದರು, ತಂದೆಯವರ ಜೊತೆ ಯಾರು ಓಡಾಡುತ್ತಿದ್ದರು, ಹಳೇ ಊರುಗಳಲ್ಲಿ ನೀವು ಯಾವ ಮನೆಗೆ ಊಟಕ್ಕೆ ಹೋಗುತ್ತಿದ್ದಿರಿ, ನೆನಪಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕ್ರಮವಾಗಿ ಬರೆಯಬೇಕಿಲ್ಲ. ಮೊಮ್ಮಗ ಕೇಳಲಿ, ನೀವು ಹೇಳಿ. ಸ್ಕ್ಯಾನ್ ಆಗಿ ಬಂದ ದಿನ ನಾನು ಹೊಸನಗರಕ್ಕೆ ಬಸ್ಸು ಹತ್ತಿ ಬರುತ್ತೇನೆ. ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಟ್ಟಿಗೆ ನೋಡೋಣ.

ಮಳೆ ಹಿಡಿಯುವ ಮುಂಚೆ ಡಬ್ಬಿ ಇಳಿಸಿ. ಇಳಿಸಿದ ಮೇಲೆ ಒಂದು ಕಾರ್ಡು ಹಾಕಿ.

ನಿಮ್ಮ,
ಸಂಪಾದಕ