ಕಲ್ಲಿನ ಮೇಲೆ ಉಳಿದ ಮೊಳೆಗಳು

ಈ ಪ್ರಕರಣವನ್ನು ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನೂ ಮೊತ್ತಗಳನ್ನೂ ಬದಲಿಸಿದ್ದೇನೆ.

ತಾಯಿ, ಮಗ, ಮಗಳು ಆಪ್ತಸಮಾಲೋಚನೆಗೆಂದು ನನ್ನೆದುರು ಕುಳಿತಾಗ ಮನೆಯ ಯಜಮಾನರು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಮುದ್ರಣಕಾಶಿ ಎಂದು ಹೆಸರಾದ ಗದಗ ಸೀಮೆಯಲ್ಲಿ ಅವರದೊಂದು ಸಣ್ಣ ಮುದ್ರಣಾಲಯ. ಸುತ್ತಮುತ್ತ ಎಲ್ಲರೂ ಆಫ್‌ಸೆಟ್‌ಗೆ ಹೋದ ಮೇಲೂ ಅವರು ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರಗಳನ್ನು, ಕೈಯಿಂದ ಜೋಡಿಸುವುದನ್ನು, ಕಾಲಿನಿಂದ ನಡೆಸುವ ಟ್ರೆಡಲ್ ಯಂತ್ರ ತುಳಿಯುವುದನ್ನು ಬಿಡಲಿಲ್ಲ. ನಾಟಕ ಕಂಪನಿಗಳ ಭಿತ್ತಿಪತ್ರಕ್ಕೆ ಬೇಕಾದ ದೊಡ್ಡ ಅಕ್ಷರಗಳನ್ನು ಮರದಲ್ಲಿ ತಾವೇ ಕೆತ್ತುತ್ತಿದ್ದರು. ಮದುವೆಯ ಕರೆಯೋಲೆಗೆ ಬಂದವರಿಗೆ ನಾಲ್ಕು ಸಾಲಿನ ಪದ್ಯವನ್ನೂ ಬರೆದುಕೊಡುತ್ತಿದ್ದರು, ಅದಕ್ಕೆ ದುಡ್ಡು ಪಡೆಯುತ್ತಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಒತ್ತಕ್ಷರದ ಮೊಳೆ ಹುಡುಕುತ್ತಿದ್ದರಂತೆ. ಅಕ್ಷರಗಳನ್ನು ನೇರವಾಗಿ ಓದಲು ಕಲಿಯುವ ಮೊದಲೇ ಆಕೆ ತಿರುವುಮುರುವಾಗಿ ಓದಲು ಕಲಿತಿದ್ದಳು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬೀಡು ಬಿಡುವ ಹೊತ್ತಿಗೆ ಅಪ್ಪ ರಾತ್ರಿಯಿಡೀ ಅಂಗಡಿಯಲ್ಲೇ ಇರುತ್ತಿದ್ದರೆಂದು ಮಗ ಹೇಳಿದ. ಆ ಕೆಲಸದಲ್ಲಿ ಹೆಚ್ಚಿನದು ಉದ್ರಿ.

ಮಗನ ಕೈಯಲ್ಲಿ ಉದ್ರಿ ಪುಸ್ತಕವೂ ಬ್ಯಾಂಕಿನ ನೋಟಿಸೂ ಇದ್ದವು. "ಊರಿನವರು ಬಂದು ಎಂಥ ಕಲಾವಿದ ಎನ್ನುತ್ತಾರೆ. ಬ್ಯಾಂಕಿನವರು ಬಂದು ಆರು ಲಕ್ಷ ಎನ್ನುತ್ತಾರೆ. ಇಬ್ಬರಿಗೂ ನಾನೇ ಚಹಾ ಕೊಡಬೇಕು" ಎಂದ. ಯಂತ್ರವನ್ನು ಗುಜರಿಗೆ ಹಾಕಿ ಸಾಲ ತೀರಿಸುವುದು ಅವನ ನಿಲುವು. ತಾಯಿ ಅಂಗಡಿಯ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಪ್ರತಿ ಸಂಜೆ ಬಾಗಿಲು ತೆರೆದು ದೀಪ ಹಚ್ಚಿ ಮತ್ತೆ ಬೀಗ ಹಾಕುತ್ತಿದ್ದರು, ಒಳಗಿನದೊಂದನ್ನೂ ಯಾರೂ ಮುಟ್ಟುವಂತಿರಲಿಲ್ಲ. ಮಗಳು ವರ್ಷಾಂತಿಕಕ್ಕೆ ನೆನಪಿನ ಪುಸ್ತಕ ತರಲು ಹೊರಟಿದ್ದಳು. ಅಣ್ಣ ಒಂದು ಸಾಲೂ ಬರೆದುಕೊಡುವುದಿಲ್ಲ ಎಂದಿದ್ದ.

ಮೊದಲು ತಾಯಿಯೊಬ್ಬರನ್ನೇ ಮಾತನಾಡಿಸಿದೆ. ನಿದ್ದೆಯಿಲ್ಲ, ತೂಕ ಇಳಿದಿದೆ, "ನಾನೂ ಹೋಗಿಬಿಟ್ಟರೆ ಸಾಕು" ಎಂಬ ಮಾತು ಬಂತು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಅನೇಕರಲ್ಲಿದೆ, ಅದು ತಪ್ಪು. ಯೋಜನೆಯೇನೂ ಇರಲಿಲ್ಲ. ಆದರೂ ಮನೋವೈದ್ಯರ ಬಳಿ ಕಳುಹಿಸಿದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗಳ ಮೊಬೈಲ್‌ನಲ್ಲಿ ಬರೆಸಿಟ್ಟೆ. ದೀಪ ಹಚ್ಚುವುದನ್ನು ನಿಲ್ಲಿಸಿ ಎಂದು ಮಾತ್ರ ನಾನು ಹೇಳಲಿಲ್ಲ. ಸಂಬಂಧಿಕರು ಅದನ್ನೇ ಕಾಯಿಲೆ ಎನ್ನುತ್ತಿದ್ದರು. ಸತ್ತವರೊಂದಿಗಿನ ನಂಟನ್ನು ಕಡಿದುಕೊಂಡರಷ್ಟೇ ದುಃಖ ಇಳಿಯುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಮಗನ ಸಂಕಟದ ಬೇರು ಬೇರೆಡೆ ಇತ್ತು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂದು ಸೋದರಮಾವ ಹೇಳಿದ್ದರು. ಸಂಬಳವೆಲ್ಲ ಹೋದರೂ ಕಟ್ಟಲೇಬೇಕೆಂದು ಅವನು ಒಳಗೊಳಗೇ ಕುದಿಯುತ್ತಿದ್ದ. ವಕೀಲರನ್ನು ಕಾಣಲು ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ, ಕೇವಲ ಪುತ್ರಧರ್ಮದ ಹೆಸರಿನಲ್ಲಿ ಮಗನನ್ನು ಹೊಣೆ ಮಾಡುವಂತಿಲ್ಲ. ಜಾಮೀನು ಹಾಕಿರದಿದ್ದರೆ, ತಂದೆಯಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ಇದನ್ನು ವಕೀಲರ ಬಾಯಿಂದ ಕೇಳಿ ಬಂದ ದಿನ ಅವನು ಅಪ್ಪನ ಬಗ್ಗೆ ಮೊದಲ ಬಾರಿಗೆ ಅತ್ತ. ಸಾಲದ ಸಿಟ್ಟು ಇಷ್ಟು ದಿನ ಅಳುವಿಗೆ ಜಾಗವನ್ನೇ ಬಿಟ್ಟಿರಲಿಲ್ಲ.

ನೆದರ್ಲೆಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿಚಾರವೊಂದು ನನಗೆ ಇಲ್ಲಿ ದಾರಿ ತೋರಿಸಿತು. ದುಃಖಿಸುವವರು ಒಮ್ಮೆ ಅಗಲಿಕೆಯ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆಗೆ ತೂಗುಯ್ಯಾಲೆಯಂತೆ ಹೋಗಿಬರುತ್ತಾರೆ, ಆ ಓಲಾಟವೇ ಆರೋಗ್ಯ ಎನ್ನುತ್ತಾರೆ ಅವರು. ಈ ಮನೆಯಲ್ಲಿ ಉಯ್ಯಾಲೆ ನಿಂತುಹೋಗಿತ್ತು. ತಾಯಿ ಒಂದು ತುದಿಯಲ್ಲಿ, ಮಗ ಇನ್ನೊಂದು ತುದಿಯಲ್ಲಿ. ಒಂದು ವಾರ ಕೆಲಸ ಅದಲುಬದಲು ಮಾಡಿಕೊಳ್ಳಿ ಎಂದೆ. ಸಂಜೆಯ ದೀಪ ಮಗನದು. ಉದ್ರಿ ಪುಸ್ತಕ ತಾಯಿಯದು. ಮೂರು ವರ್ಷ ದಾಟಿದ ಬಾಕಿಗೆ ಸಾಮಾನ್ಯವಾಗಿ ದಾವೆ ನಿಲ್ಲುವುದಿಲ್ಲ, ಆದ್ದರಿಂದ ಆ ಪುಟಗಳನ್ನು ಬೇರೆ ಮಾಡಿ, ಉಳಿದವರ ಬಳಿ ಬಾಕಿಯನ್ನು ನೀವೇ ಕೇಳಿ ಎಂದು ಅವರಿಗೆ ಹೇಳಿದೆ.

ನೆನಪಿನ ಪುಸ್ತಕದ ವಿಷಯದಲ್ಲಿ ಮಗಳಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಹೊಗಳಿಕೆಯನ್ನಷ್ಟೇ ಅಚ್ಚು ಹಾಕಿದರೆ ನಿನ್ನ ಅಣ್ಣನ ಅಪ್ಪ ಅದರಲ್ಲಿ ಇರುವುದಿಲ್ಲ. ಪದ್ಯ ಕಟ್ಟಿದ, ಅಕ್ಷರ ಕೆತ್ತಿದ ಮನುಷ್ಯನೇ ಜಾತ್ರೆಯ ತಿಂಗಳಲ್ಲಿ ಮನೆ ಮರೆತ, ಹೆಂಡತಿಗೆ ಹೇಳದೆ ಸಾಲ ಮಾಡಿದ. ಅಣ್ಣನಿಗೂ ನಾಲ್ಕು ಪುಟ ಬಿಡು, ತಿದ್ದಬೇಡ.

ಯಂತ್ರ ಮಾರುವ ತೀರ್ಮಾನವನ್ನು ವರ್ಷಾಂತಿಕದವರೆಗೆ ಮುಂದೂಡಿ, ಅದಕ್ಕೆ ಮೊದಲು ಮೂವರೂ ಒಟ್ಟಿಗೆ ಒಂದು ಗಂಟೆ ಅಂಗಡಿಯಲ್ಲಿ ಕಳೆಯಬೇಕು ಎಂಬುದು ನನ್ನ ಕೊನೆಯ ಸಲಹೆ. ಅಲ್ಲಿ ಪುಟ ಕಟ್ಟುವ ಕಲ್ಲಿನ ಮೇಲೆ, ಮೊಳೆ ಜೋಡಿಸಿ ದಾರ ಸುತ್ತಿದ ಒಂದು ಪುಟ, ಅಂದರೆ ಫಾರಂ, ಹಾಗೇ ಇತ್ತು, ಅವರು ಕೊನೆಯದಾಗಿ ಜೋಡಿಸಿದ್ದು. ತಾಯಿ ದಿನವೂ ಅದರ ಪಕ್ಕದಲ್ಲೇ ದೀಪ ಇಡುತ್ತಿದ್ದರು, ಅದೇನೆಂದು ಓದಿರಲಿಲ್ಲ. ಪದ್ಯವಿರಬಹುದು, ತಮಗಾಗಿ ಬರೆದದ್ದೂ ಇರಬಹುದು ಎಂದುಕೊಂಡಿದ್ದರು. ಮಗಳು ಬಾಗಿ ಎಡದಿಂದ ಬಲಕ್ಕೆ ತಿರುವುಮುರುವಾಗಿ ಓದಿದಳು. ಅದು ಎದುರಿನ ಕಿರಾಣಿ ಅಂಗಡಿಯ ರಸೀತಿ ಪುಸ್ತಕದ ಪುಟ.

ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಹಾಕಿಕೊಡಿ, ಅವರು ಕಾಯುತ್ತಿರಬಹುದು" ಎಂದರಂತೆ.

ಹಳೆಯ ಕೆಲಸಗಾರರೊಬ್ಬರು ಬಂದು ಸೀಮೆಎಣ್ಣೆಯಿಂದ ರೋಲರು ಒರೆಸಿಕೊಟ್ಟರು. ಮಗ ಟ್ರೆಡಲ್ ತುಳಿದ, ಮಗಳು ಹಾಳೆ ಎತ್ತಿಟ್ಟಳು. ಕಿರಾಣಿ ಅಂಗಡಿಯವರು ಪುಸ್ತಕಗಳನ್ನು ಕಣ್ಣಿಗೊತ್ತಿಕೊಂಡು, ಕೊಡಬೇಕಿದ್ದ 340 ರೂಪಾಯಿ ಎಣಿಸಿ ಕೊಟ್ಟರು. ತಾಯಿ ಅದನ್ನು ಗಂಡನ ಉದ್ರಿ ಪುಸ್ತಕದಲ್ಲಿ ಜಮಾ ಬರೆದರು.