ಎತ್ತರದ ಮ್ಯಾರಥಾನ್ ನೂರು ಮೈಲಿಗೆ ತಾಲೀಮಾಗುವುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಹತ್ತು ವರ್ಷಗಳಿಂದ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ವಯಸ್ಸು 43. ಐದು ಮ್ಯಾರಥಾನ್‌ಗಳನ್ನೂ ಒಂದು 50 ಮೈಲಿ ಓಟವನ್ನೂ ಮುಗಿಸಿದ್ದೇನೆ. ಈ ಆಗಸ್ಟ್‌ನಲ್ಲಿ ಇಲ್ಲಿನ ಬೆಟ್ಟದೂರು ಲೆಡ್‌ವಿಲ್‌ನ 100 ಮೈಲಿ ಓಟಕ್ಕೆ ಹೆಸರು ಬಂದಿದೆ. ಅದಕ್ಕೆ ತಯಾರಿಯಾಗಿ ಜೂನ್‌ನಲ್ಲಿ ಅದೇ ಊರಿನ ಟ್ರೇಲ್ (ಬೆಟ್ಟದ ಕಚ್ಚಾ ದಾರಿಯ) ಮ್ಯಾರಥಾನ್ ಓಡಿದರೆ ದೇಹ ಎತ್ತರಕ್ಕೆ ಒಗ್ಗುತ್ತದೆಯೇ? ಅದನ್ನು ಪೂರ್ತಿ ಶಕ್ತಿ ಹಾಕಿ ಓಡಬೇಕೆ? ಕಳೆದ ಸಲ 50 ಮೈಲಿಯಲ್ಲಿ ಮಧ್ಯಾಹ್ನದ ಮೇಲೆ ಏನನ್ನೂ ತಿನ್ನಲಾಗಲಿಲ್ಲ ಎಂಬುದೂ ನನ್ನ ಚಿಂತೆ.

ಉತ್ತರ: ಆ ಮ್ಯಾರಥಾನ್ ಅನ್ನು ಖಂಡಿತ ಓಡಿ. ಆದರೆ ಅದು ನಿಮ್ಮನ್ನು ಎತ್ತರಕ್ಕೆ ಒಗ್ಗಿಸುತ್ತದೆ ಎಂಬ ನಿರೀಕ್ಷೆಯನ್ನು ಮೊದಲು ಬಿಟ್ಟುಬಿಡಿ. ಲೆಡ್‌ವಿಲ್ ಊರೇ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 70ರಷ್ಟು ಮಾತ್ರ. ಮ್ಯಾರಥಾನ್ ಹತ್ತುವ ಮಸ್ಕೀಟೊ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ) 4,000 ಮೀಟರ್ ದಾಟುತ್ತದೆ. ಇಂಥ ಗಾಳಿಗೆ ಉಸಿರಾಟ ಕೆಲವು ದಿನಗಳಲ್ಲಿ ಹೊಂದಿಕೊಳ್ಳಬಹುದು, ಆದರೆ ಆಮ್ಲಜನಕವನ್ನು ಹೊರುವ ಕೆಂಪು ರಕ್ತಕಣಗಳು ಗಣನೀಯವಾಗಿ ಹೆಚ್ಚಬೇಕಾದರೆ ಹಲವು ವಾರಗಳ ವಾಸ ಬೇಕು. ಒಂದು ದಿನ ಓಡಿ ಸಂಜೆಗೆ ಡೆನ್ವರ್‌ಗೆ ಇಳಿದವರ ದೇಹದಲ್ಲಿ ಆಗಸ್ಟ್‌ವರೆಗೆ ಉಳಿಯುವಂಥ ಒಗ್ಗಿಕೆ ಏನೂ ಇರುವುದಿಲ್ಲ. ಡೆನ್ವರ್ ಕೂಡ 1,600 ಮೀಟರ್ ಎತ್ತರದಲ್ಲಿರುವುದರಿಂದ ಕರಾವಳಿಯಿಂದ ಬರುವವರಿಗಿಂತ ನೀವು ಒಂದಿಷ್ಟು ಮುಂದಿದ್ದೀರಿ, ಅಷ್ಟೇ. ನಿಜವಾದ ಒಗ್ಗಿಕೆ ಬೇಕೆಂದಿದ್ದರೆ ಓಟಕ್ಕೆ ಎರಡು ಮೂರು ವಾರ ಮೊದಲೇ ಹೋಗಿ ಅಲ್ಲಿ ಉಳಿಯಬೇಕು. ಮನೆಯಿಂದಲೇ ಕೆಲಸ ಮಾಡಲು ಕಚೇರಿ ಒಪ್ಪುವುದಾದರೆ ಆ ರಜೆರಹಿತ ವಾಸ ದುಬಾರಿ ಬೂಟುಗಳಿಗಿಂತ ಎಷ್ಟೋ ಮೇಲು.

ಹಾಗಾದರೆ ಮ್ಯಾರಥಾನ್‌ನಿಂದ ಸಿಗುವುದೇನು? ನನ್ನ ದೃಷ್ಟಿಯಲ್ಲಿ ಮೊದಲ ಲಾಭ ಇಳಿಜಾರಿನದು. ಏರಿನಲ್ಲಿ ಸೋತವರು ನಡೆದಾದರೂ ಮುಂದೆ ಹೋಗುತ್ತಾರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಕೈಕೊಟ್ಟರೆ ನಡೆಯುವುದೂ ಕಷ್ಟ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಆ ಸ್ನಾಯು ಬಿಗಿಯಾಗಿರುವಾಗಲೇ ಹಿಗ್ಗಬೇಕಾಗುವುದರಿಂದ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯಾಗುತ್ತದೆ. ಒಮ್ಮೆ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅದೇ ಬಗೆಯ ಪೆಟ್ಟನ್ನು ಕಡಿಮೆ ನೋವಿನಲ್ಲಿ ತಾಳಿಕೊಳ್ಳುತ್ತದೆ. ನಿಮ್ಮ ನೂರು ಮೈಲಿಯ ದಾರಿ ಹೋಗಿ ಹಿಂದಿರುಗುವಂಥದ್ದಾದ್ದರಿಂದ ಸುಮಾರು 3,840 ಮೀಟರ್‌ನ ಹೋಪ್ ಪಾಸನ್ನು ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕು, ಅದೂ ಎರಡನೆಯ ಸಲ 50 ಮೈಲಿ ಕಳೆದ ಮೇಲೆ. ಮಸ್ಕೀಟೊ ಪಾಸಿನಿಂದ ಕಲ್ಲುಗಳ ಮೇಲೆ ಇಳಿಯುವುದು ಇದಕ್ಕೆ ಒಳ್ಳೆಯ ಅಭ್ಯಾಸ. ಆ ಗುಣ ಆಗಸ್ಟ್ ಹೊತ್ತಿಗೆ ಮಾಸಿಹೋಗಬಹುದು. ಆದ್ದರಿಂದ ಜುಲೈ ಕೊನೆಯಲ್ಲಿ ಇನ್ನೊಂದು ದೀರ್ಘ ಇಳಿಜಾರನ್ನು ಸೇರಿಸಿಕೊಳ್ಳಿ.

ಎರಡನೆಯದು ಹೊಟ್ಟೆ. ಎತ್ತರದಲ್ಲಿ ಹಸಿವು ತಾನಾಗಿಯೇ ಕುಗ್ಗುತ್ತದೆ, ಅದರ ಮೇಲೆ ಶ್ರಮ ಹೆಚ್ಚಾದರೆ ರಕ್ತವೆಲ್ಲ ಕಾಲಿನ ಕಡೆಗೆ ಹರಿದು ಜೀರ್ಣಕ್ರಿಯೆ ಮಂದವಾಗುತ್ತದೆ. ನಿಮಗೆ 50 ಮೈಲಿಯಲ್ಲಿ ಆದದ್ದು ಬಹುಮಟ್ಟಿಗೆ ಇದೇ ಇರಬೇಕು: ಬೆಳಗಿನ ವೇಗದ ಬೆಲೆಯನ್ನು ಮಧ್ಯಾಹ್ನ ಹೊಟ್ಟೆ ತೆತ್ತಿತು. ಮ್ಯಾರಥಾನ್‌ನಲ್ಲಿ ಮೊದಲ ಅರ್ಧ ಗಂಟೆಯಿಂದಲೇ, ಹಸಿವಾಗಲಿ ಬಿಡಲಿ, ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುವಂತೆ ನೋಡಿಕೊಳ್ಳಿ. ಹೊಟ್ಟೆ ಒಪ್ಪಿದರೆ ಮುಂದಿನ ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಓಟಗಾರರು ಹೀರುವ ಸಿಹಿಯಾದ ಜೆಲ್ ಮಾತ್ರವೇ ಆಗಬೇಕೆಂದಿಲ್ಲ. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಖರ್ಜೂರ, ಎಣ್ಣೆ ಕಡಿಮೆ ಹಾಕಿದ ಚಿತ್ರಾನ್ನದ ಉಂಡೆ, ಯಾವುದು ಹಿಡಿಸುತ್ತದೆಯೋ ಅದು. (ಸಿಹಿಯಿಂದ ರೋಸಿಹೋದ ನಾಲಿಗೆಗೆ ಹುಳಿ ಉಪ್ಪು ಎಷ್ಟು ಹಿತವೆಂದು ದೂರದ ಓಟ ಓಡಿದವರಿಗೆ ವಿವರಿಸಬೇಕಾಗಿಲ್ಲ.) ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಒಣಗಾಳಿಯಲ್ಲಿ ಉಸಿರಿನ ಮೂಲಕವೇ ನೀರು ನಷ್ಟವಾಗುವುದು ನಿಜ, ಹಾಗೆಂದು ಬಲವಂತವಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಅಪಾಯವಾಗಬಹುದು. ನೋವಿಗೆ ಐಬುಪ್ರೊಫೆನ್ ನುಂಗುವ ಅಭ್ಯಾಸವಿದ್ದರೆ ಓಟದ ದಿನ ಬೇಡ. ದಣಿದ ಮೂತ್ರಪಿಂಡಗಳಿಗೆ ಅದು ಇನ್ನೊಂದು ಹೊರೆ.

ಪೂರ್ತಿ ಶಕ್ತಿ ಹಾಕಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. 1,500 ಮೀಟರ್‌ನಿಂದ ಮೇಲೆ ಪ್ರತಿ ಸಾವಿರ ಮೀಟರ್‌ಗೆ ದೇಹದ ಗರಿಷ್ಠ ಆಮ್ಲಜನಕ ಬಳಕೆ ಸರಿಸುಮಾರು ಶೇಕಡ 6ರಿಂದ 8ರಷ್ಟು ಇಳಿಯುತ್ತದೆ. ಹೀಗಿರುವಾಗ ರಸ್ತೆಯ ಮ್ಯಾರಥಾನ್ ಸಮಯವನ್ನು ಮನಸ್ಸಿನಲ್ಲಿಟ್ಟುಕೊಂಡು ಓಡುವುದು ಮುಗ್ಗರಿಸುವ ದಾರಿ. ಎತ್ತರದಲ್ಲಿ ಅದೇ ಶ್ರಮಕ್ಕೆ ನಾಡಿಬಡಿತ ಹೆಚ್ಚು ತೋರುವುದರಿಂದ ಕೈಗಡಿಯಾರದ ಅಂಕಿಗಿಂತ ಉಸಿರನ್ನು ನಂಬಿ: ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಹೇಳಲಾಗದಿದ್ದರೆ ಓಟ ಬಿಟ್ಟು ನಡೆಯಿರಿ. ಕಡಿದಾದ ಏರಿನಲ್ಲಿ ಬಿರುಸಾಗಿ ನಡೆಯುವುದು ನಾಚಿಕೆಯ ಸಂಗತಿಯಲ್ಲ, 30 ಗಂಟೆಗಳ ಗಡುವಿನ ಓಟದಲ್ಲಿ ಅದೇ ಮುಖ್ಯ ವಿದ್ಯೆ. ಮುಗಿಸಿದ ನಾಲ್ಕೈದು ದಿನಗಳಲ್ಲಿ ಮತ್ತೆ ಸಾಧಾರಣವಾಗಿ ಓಡುವಂತಿದ್ದರೆ ನಿಮ್ಮ ವೇಗ ಸರಿಯಾಗಿತ್ತು.

ಕೊನೆಯದಾಗಿ, ತಲೆನೋವು ಮತ್ತು ವಾಕರಿಕೆ ಸಾಮಾನ್ಯವಾದರೂ, ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ, ನೊರೆಯ ಕೆಮ್ಮು ಬಂದರೆ ಅಥವಾ ಹೆಜ್ಜೆ ತೂರಾಡಿದರೆ ಅದು ಸುಸ್ತಲ್ಲ. ಓಟ ಬಿಟ್ಟು ತಕ್ಷಣ ಕೆಳಗಿಳಿಯಬೇಕು. ರಾಕಿ ಪರ್ವತಗಳಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಸಿಡಿಲು ಸಾಮಾನ್ಯ. ಹಗುರವಾದ ಮಳೆ ಅಂಗಿ ಚೀಲದಲ್ಲಿರಲಿ.

ಪ್ರಶ್ನೆ: ಬೆಂಗಳೂರಿನವಳು. ಸೆಪ್ಟೆಂಬರ್‌ನಲ್ಲಿ ಲಡಾಖ್‌ನ 72 ಕಿಲೋಮೀಟರ್ ಖರ್ದುಂಗ್ ಲಾ ಓಟಕ್ಕೆ ಮುಳ್ಳಯ್ಯನಗಿರಿಯ ವಾರಾಂತ್ಯದ ಅಭ್ಯಾಸ ಸಾಕೇ?

ಉತ್ತರ: ಕಾಲುಗಳಿಗೆ ಸಾಕು, ಶ್ವಾಸಕ್ಕೆ ಸಾಲದು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಖರ್ದುಂಗ್ ಲಾ 5,300 ಮೀಟರ್‌ಗೂ ಮೇಲೆ. ಇಲ್ಲಿ ಏರು ನಡೆಯುವುದನ್ನೂ ದೀರ್ಘವಾಗಿ ಇಳಿಯುವುದನ್ನೂ ರೂಢಿಸಿಕೊಳ್ಳಿ. ಪಾಸ್ ದಾಟಿದ ಮೇಲೆ ಲೇಹ್‌ವರೆಗೆ ಇಳಿಜಾರೇ ಇರುವುದರಿಂದ ಅದು ವ್ಯರ್ಥವಾಗದು. ಒಗ್ಗಿಕೆಗಾಗಿ ಕನಿಷ್ಠ ಎರಡು ವಾರ ಮೊದಲೇ 3,500 ಮೀಟರ್‌ನ ಲೇಹ್ ತಲುಪಿ, ಮೊದಲ ಎರಡು ದಿನ ಏನನ್ನೂ ಓಡಬೇಡಿ. ಹೊರಡುವ ಎರಡು ತಿಂಗಳ ಮುಂಚೆ ದೇಹದ ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆಯಿದ್ದರೆ ದೇಹ ಹೊಸ ರಕ್ತಕಣ ಕಟ್ಟಲಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಸ್ನೇಹಿತರ ಮಾತು ಕೇಳಿ ನುಂಗದೆ, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನೂ ತಿಳಿಸಿ ವೈದ್ಯರಿಂದಲೇ ಬರೆಸಿಕೊಳ್ಳಿ.